ಶುಲ್ಕವಿಲ್ಲದ ಕಾರ್ಡಿನ ಲೆಕ್ಕ

ಅಮೆಜಾನ್ ಸಂಸ್ಥೆಯೂ ಐಸಿಐಸಿಐ ಬ್ಯಾಂಕೂ ಕೂಡಿ 2018ರಲ್ಲಿ ಹೊರತಂದ ಕ್ರೆಡಿಟ್ ಕಾರ್ಡಿಗೆ ವಾರ್ಷಿಕ ಶುಲ್ಕವಿಲ್ಲ. ಅಮೆಜಾನಿನಲ್ಲಿ ಕೊಂಡ ಬಹುತೇಕ ಸರಕಿಗೆ ಪ್ರೈಮ್ ಸದಸ್ಯರಿಗೆ ನೂರಕ್ಕೆ 5 ರೂಪಾಯಿ ಮರಳುವುದೆಂಬುದು ಅದರ ಆಕರ್ಷಣೆ. ಆ ಸದಸ್ಯತ್ವಕ್ಕೆ ಮಾತ್ರ ಬೇರೆ ಶುಲ್ಕವುಂಟು.

ತಿಂಗಳಿಗೆ 2,000 ರೂಪಾಯಿಯ ಸರಕು ಕೊಳ್ಳುವ ಗೃಹಸ್ಥನಿಗೆ ದೊರೆಯುವುದು 100 ರೂಪಾಯಿ. ಆದರೆ 10,000 ರೂಪಾಯಿ ಬಾಕಿಯುಳಿಯಿತೆನ್ನಿ. ತಿಂಗಳಿಗೆ ನೂರಕ್ಕೆ 3.5ರ ದರ ಹಿಡಿದರೆ ಬಡ್ಡಿ 350, ಅದರ ಮೇಲೆ ನೂರಕ್ಕೆ 18ರಂತೆ ತೆರಿಗೆ 63, ಒಟ್ಟು 413. ನಾಲ್ಕು ತಿಂಗಳ ಗಳಿಕೆ ಒಂದೇ ತಿಂಗಳಲ್ಲಿ ಕರಗಿತು! ‘ಕನಿಷ್ಠ ಮೊತ್ತ’ವನ್ನು ಕಟ್ಟಿದವನು ದಂಡದಿಂದ ಪಾರಾದಾನು, ಬಡ್ಡಿಯಿಂದಲ್ಲ.

ಹೇಗೂ ಕೊಳ್ಳಲೇಬೇಕಾದುದನ್ನು ಕೊಂಡು, ಗಡುವಿನೊಳಗೆ ಪೂರ್ತಿ ಹಣ ಸಲ್ಲಿಸಬಲ್ಲವನಿಗೆ ಈ ಕಾರ್ಡು ಲಾಭವೇ ಸರಿ. ಮರಳುವ ಐದರ ಆಸೆಗೆ ಬೇಡದ ಸರಕಿನ ಮೇಲೆ ತೊಂಬತ್ತೈದನ್ನು ಕಳೆಯುವವನಿಗೆ ಅದು ಶುಲ್ಕವಿಲ್ಲದೆ ಬಂದ ನಷ್ಟ.