ಎರಡನೇ ಸ್ಕ್ಯಾನ್ ಬರೆಯುವ ಮುನ್ನ

ತಲೆಗೆ ಪೆಟ್ಟು ಬಿದ್ದು ದಾಖಲಾದವರ ಮನೆಯವರಿಗೆ ಮಾರನೇ ದಿನ ಒಂದು ಚೀಟಿ ಸಿಗುತ್ತದೆ: 'ಸಿ.ಟಿ. ರಿಪೀಟ್'. ರೋಗಿ ಚೆನ್ನಾಗಿ ಮಾತಾಡುತ್ತಿದ್ದರೂ ಬೇಡ ಎನ್ನಲು ಯಾರಿಗೂ ಧೈರ್ಯ ಬರುವುದಿಲ್ಲ. ತಲೆಯ ವಿಷಯವಲ್ಲವೇ, ಸಾಲ ಮಾಡಿಯಾದರೂ ಮಾಡಿಸುತ್ತಾರೆ.

ಆ ಭಯಕ್ಕೆ ಕಾರಣವಿದೆ. ತಲೆಬುರುಡೆಗೂ ಮಿದುಳಿನ ಹೊರಪೊರೆಗೂ ನಡುವೆ ರಕ್ತನಾಳ ಹರಿದರೆ, ರೋಗಿ ಕೆಲವು ಗಂಟೆ ಆರಾಮವಾಗಿದ್ದು ಆಮೇಲೆ ಒಮ್ಮೆಲೇ ಕುಸಿಯಬಹುದು. 2009ರ ಮಾರ್ಚ್‌ನಲ್ಲಿ ನಟಿ ನತಾಶಾ ರಿಚರ್ಡ್‌ಸನ್ ಕೆನಡಾದ ಕ್ವಿಬೆಕ್‌ನಲ್ಲಿ ಸ್ಕೀಯಿಂಗ್ ಕಲಿಯುವಾಗ ಬಿದ್ದರು. ಏನೂ ಆಗಿಲ್ಲವೆಂದು ಚಿಕಿತ್ಸೆ ಬೇಡ ಎಂದರು. ಸ್ವಲ್ಪ ಹೊತ್ತಿನಲ್ಲೇ ತಲೆನೋವು ಶುರುವಾಯಿತು; ಎರಡು ದಿನಕ್ಕೆ ತೀರಿಕೊಂಡರು. ಆರಂಭದ ಆ ಗಂಟೆಗಳಲ್ಲಿ ಇಂಥ ರೋಗಿಯ ಮೇಲೆ ಆಸ್ಪತ್ರೆಯವರು ಕಣ್ಣಿಟ್ಟಿರಬೇಕು.

ಕಣ್ಣಿಡುವ ಕ್ರಮವನ್ನು 1974ರಲ್ಲೇ ಗ್ಲಾಸ್ಗೋದ ವೈದ್ಯರಾದ ಟೀಸ್‌ಡೇಲ್ ಮತ್ತು ಜೆನೆಟ್ ಬರೆದಿಟ್ಟರು. ನರ್ಸ್ ಹಾಸಿಗೆಯ ಬಳಿ ಬಂದು ಹೆಸರು ಕೇಳುತ್ತಾರೆ, ಕೈ ಎತ್ತಿ ಎನ್ನುತ್ತಾರೆ, ಉತ್ತರ ಬರದಿದ್ದರೆ ಉಗುರಿನ ಬುಡ ಒತ್ತಿ ನೋಡುತ್ತಾರೆ. ಈಗಿನ ಲೆಕ್ಕದಲ್ಲಿ ಕಣ್ಣು ತೆರೆಯುವುದಕ್ಕೆ 4, ಮಾತಿಗೆ 5, ಚಲನೆಗೆ 6; ಒಟ್ಟು 15 ಅಂಕ. ಜೊತೆಗೆ ಟಾರ್ಚ್ ಬಿಟ್ಟು ಎರಡೂ ಕಣ್ಣಿನ ಪಾಪೆ ಒಂದೇ ಸಮ ಕುಗ್ಗುತ್ತವೆಯೇ ಎಂದು ಪರೀಕ್ಷಿಸುತ್ತಾರೆ. ಬ್ರಿಟನ್ನಿನ ನೈಸ್ ಸಂಸ್ಥೆಯ ಚಿಕಿತ್ಸಾ ಮಾರ್ಗಸೂಚಿಯ ಪ್ರಕಾರ 15 ಅಂಕ ಬರುವವರೆಗೆ ಇದನ್ನು ಅರ್ಧ ಗಂಟೆಗೊಮ್ಮೆ ಮಾಡಬೇಕು. ಬಂದ ಮೇಲೂ ಎರಡು ಗಂಟೆ ಹಾಗೆಯೇ, ಮುಂದಿನ ನಾಲ್ಕು ಗಂಟೆ ತಾಸಿಗೊಮ್ಮೆ, ಆಮೇಲೆ ಎರಡು ಗಂಟೆಗೊಮ್ಮೆ. ಅಂಕ ಇಳಿದರೆ, ವಾಂತಿ ನಿಲ್ಲದಿದ್ದರೆ, ಒಂದು ಪಾಪೆ ದೊಡ್ಡದಾದರೆ ಕೂಡಲೇ ಸ್ಕ್ಯಾನ್. ಅಲ್ಲಿ ತಡ ಮಾಡುವುದೇ ಅಪರಾಧ.

ಸಣ್ಣ ಪೆಟ್ಟಿನ ರೋಗಿಗಳಲ್ಲಿ, ಸ್ಥಿತಿ ಬದಲಾಗದೆ ಬರೀ ಗಡಿಯಾರ ನೋಡಿ ಮಾಡಿಸಿದ ಎರಡನೇ ಸ್ಕ್ಯಾನ್‌ನಿಂದ ಚಿಕಿತ್ಸೆ ಬದಲಾಗುವುದು ತೀರಾ ವಿರಳ. ಇದು ಹಲವು ಅಧ್ಯಯನಗಳಲ್ಲಿ ಕಂಡ ಮಾತು. ಆದರೂ ಚೀಟಿ ನಿಲ್ಲುವುದಿಲ್ಲ. ರಾತ್ರಿ ಪಾಳಿಯಲ್ಲಿ ಇಡೀ ವಾರ್ಡಿಗೆ ಒಬ್ಬಿಬ್ಬರೇ ನರ್ಸ್ ಇದ್ದರೆ ತಾಸಿಗೊಮ್ಮೆ ನೋಡುವವರು ಯಾರು? ನೋಡುವವರಿಲ್ಲದ ಕೊರತೆಯನ್ನು ಯಂತ್ರದಿಂದ ತುಂಬಿಸುತ್ತಿದ್ದೇವೆ. ಅದರ ಬಿಲ್ ಬಡವನ ಕೈಗೆ ಹೋಗುತ್ತದೆ. ಯಂತ್ರ ತೋರಿಸುವುದು ಆ ಒಂದು ಕ್ಷಣವನ್ನು ಮಾತ್ರ. ರಾತ್ರಿ ಎರಡಕ್ಕೆ ರೋಗಿ ಮಂಕಾದರೆ ಅದಕ್ಕೆ ಗೊತ್ತಾಗದು.

ಹಾಗೆಂದು ಎಲ್ಲರಿಗೂ ಒಂದೇ ಅಳತೆ ಸಲ್ಲ. ವೆಂಟಿಲೇಟರಿನಲ್ಲಿ ಪ್ರಜ್ಞೆ ಇಲ್ಲದೆ ಮಲಗಿದವರನ್ನು ಮಾತಾಡಿಸಿ ನೋಡಲಾಗದು. ಅಲ್ಲಿ ಮರು ಸ್ಕ್ಯಾನ್ ಬೇಕೇ ಬೇಕು. ರಕ್ತ ಹೆಪ್ಪುಗಟ್ಟದಂತೆ ಮಾತ್ರೆ ನುಂಗುವವರ ವಿಷಯದಲ್ಲೂ ವೈದ್ಯರು ಹೆಚ್ಚು ಎಚ್ಚರ ವಹಿಸುವುದು ಸರಿ. ವಯಸ್ಸಾದವರ ಕಥೆಯಂತೂ ಬೇರೆಯೇ. ಬಚ್ಚಲಲ್ಲಿ ಜಾರಿದ ಅಜ್ಜಿಗೆ ಅಂದು ಏನೂ ಕಾಣದೆ, ವಾರಗಳ ನಂತರ ನಡಿಗೆ ತೂರಾಡಿ, ಮಾತು ತಡವರಿಸಬಹುದು. 'ವಯಸ್ಸಾಯ್ತಲ್ಲ' ಎಂದು ಮನೆಯವರು ಸುಮ್ಮನಿರುತ್ತಾರೆ. ಮಿದುಳಿನ ಪೊರೆಯ ಕೆಳಗೆ ನಿಧಾನವಾಗಿ ತುಂಬಿದ ರಕ್ತ ಅದಾಗಿರಬಹುದು, ಹೆಚ್ಚಿನವರಲ್ಲಿ ಸಣ್ಣ ರಂಧ್ರ ಕೊರೆದು ತೆಗೆಯಬಹುದಾದದ್ದು. ಇಂಥವರಿಗೆ ಹಳೇ ಸ್ಕ್ಯಾನ್ ನಾರ್ಮಲ್ ಎಂಬ ಸಮಾಧಾನ ಸಾಲದು.

ಸರ್ಕಾರ ಜಿಲ್ಲಾ ಆಸ್ಪತ್ರೆಗೆ ಸಿ.ಟಿ. ಯಂತ್ರ ಕೊಟ್ಟರಷ್ಟೇ ಸಾಲದು, ರಾತ್ರಿ ಪಾಳಿಗೆ ನರ್ಸ್‌ಗಳನ್ನೂ ಕೊಡಬೇಕು. ನಿಮ್ಮವರು ದಾಖಲಾದರೆ ಚೀಟಿ ಹಿಡಿದು ಓಡುವ ಮುಂಚೆ ವೈದ್ಯರನ್ನು ಕೇಳಿ: ನಿನ್ನೆಯಿಂದ ಇವರಲ್ಲಿ ಏನು ಬದಲಾಗಿದೆ? ರಾತ್ರಿ ಎಷ್ಟು ಸಲ ಪಾಪೆ ನೋಡಿದ್ದೀರಿ? ಹೀಗೆ ಕೇಳುವುದು ನಿಮ್ಮ ಹಕ್ಕು.