ಕಿಲುಬಿನ ಬೆಲೆ

ಕಬ್ಬಿಣ ತುಕ್ಕು ಹಿಡಿಯಿತು, ತಾಮ್ರ ಕಿಲುಬುಗಟ್ಟಿತು ಎಂದರೆ ಲೋಹ ಕೆಟ್ಟಿತೆಂದೇ ನಮ್ಮ ಎಣಿಕೆ. ಆಮ್ಲಜನಕದೊಡನೆ ಕೂಡಿ ಆಕ್ಸೈಡ್ ಆದ ಲೋಹವು ಸಾಮಾನ್ಯವಾಗಿ ತನ್ನ ವಿದ್ಯುದ್ವಾಹಕ ಗುಣವನ್ನೂ ಬಹುಮಟ್ಟಿಗೆ ಕಳೆದುಕೊಳ್ಳುತ್ತದೆ. ಆದರೆ ೧೯೦೭ರಲ್ಲಿ ಜರ್ಮನಿಯ ಭೌತವಿಜ್ಞಾನಿ ಕಾರ್ಲ್ ಬೇಡೆಕರ್ ಅವರು ಕ್ಯಾಡ್ಮಿಯಮ್ ಲೋಹದ ಅತಿ ತೆಳುವಾದ ಪದರವನ್ನು ಕಾಯಿಸಿ ಆಕ್ಸೈಡ್ ಆಗಿಸಿದರು. ಆ ಪದರದ ಮೂಲಕ ಬೆಳಕೂ ಹಾಯ್ದಿತು, ವಿದ್ಯುತ್ತೂ ಹರಿಯಿತು!

ಇದರ ಗುಟ್ಟು ಕೊರತೆಯಲ್ಲಿದೆ. ಆಕ್ಸೈಡಿನ ಹರಳಿನಲ್ಲಿ ಆಮ್ಲಜನಕದ ಪರಮಾಣುವೊಂದು ಇರಬೇಕಾದ ಎಡೆ ಬರಿದಾಗಿದ್ದರೆ, ಅದು ಹಿಡಿದಿಡಬೇಕಾಗಿದ್ದ ಎರಡು ಇಲೆಕ್ಟ್ರಾನುಗಳು ಉಳಿದುಬಿಡುತ್ತವೆ. ಹೀಗೆ ಬಿಡುಗಡೆ ಹೊಂದಿದ ಇಲೆಕ್ಟ್ರಾನುಗಳೇ ವಿದ್ಯುದಾವೇಶವನ್ನು ಹೊತ್ತು ಸಂಚರಿಸುತ್ತವೆ. ಇಂಡಿಯಮ್ ಆಕ್ಸೈಡಿಗೆ ತುಸು ತವರವನ್ನು ಬೆರೆಸಿದರೆ, ಇಂಡಿಯಮ್ಮಿನ ಸ್ಥಾನದಲ್ಲಿ ನಿಂತ ತವರದ ಪರಮಾಣು ಒಂದು ಇಲೆಕ್ಟ್ರಾನನ್ನು ಹೆಚ್ಚಾಗಿ ನೀಡಬಲ್ಲದು. ಇಂದು ನಾವು ಬೆರಳಿನಿಂದ ಮುಟ್ಟಿ ನಡೆಸುವ ಅನೇಕ ಫೋನುಗಳ ಗಾಜಿನಲ್ಲಿ ಹುದುಗಿರುವುದು ಈ ಬೆರಕೆಯ ಪದರವೇ. ಅದು ತಲೆಗೂದಲಿನ ನೂರರಲ್ಲೊಂದು ಪಾಲಿಗಿಂತಲೂ ತೆಳು.

ಬೇಡೆಕರ್ ಅವರು ಇದೊಂದನ್ನೂ ಕಾಣಲಿಲ್ಲ. ೧೯೧೪ರಲ್ಲಿ, ಮೊದಲ ಮಹಾಯುದ್ಧದ ಆರಂಭದಲ್ಲಿಯೇ, ರಣರಂಗದಲ್ಲಿ ಮಡಿದರು.

‘ಇದನ್ನು ಕಲಿತರೆ ಏನು ಲಾಭ?’ ಎಂಬ ಪ್ರಶ್ನೆ ನಮ್ಮಲ್ಲಿ ಮನೆಮನೆಯಲ್ಲೂ ಕೇಳಿಬರುತ್ತದೆ. ಬದುಕು ನಡೆಯಬೇಕಾದವರು ಲಾಭವನ್ನು ಎಣಿಸುವುದು ತಪ್ಪಲ್ಲ. ಆದರೆ ಅರಿವನ್ನು ಅಳೆಯಲು ಅದೊಂದನ್ನೇ ಕೋಲಾಗಿಸಿಕೊಳ್ಳುವುದು, ಬಿತ್ತಿದ ದಿನವೇ ತೆನೆಯನ್ನು ಅರಸಿದಂತೆ. ಬೇಡೆಕರ್ ಅವರನ್ನು ಅಂದು ಯಾರಾದರೂ ಹಾಗೆ ಕೇಳಿದ್ದರೆ, ಅವರು ತೋರಿಸಬಹುದಾಗಿದ್ದುದು ಗಾಜಿನ ಮೇಲಿನ ಕಿಲುಬನ್ನಷ್ಟೆ. ತಿಳಿಯಬೇಕೆಂಬ ಹಂಬಲಕ್ಕೂ ಶಾಲೆಯಲ್ಲಿ, ಸಮಾಜದಲ್ಲಿ ಒಂದು ಮಣೆ ಇರಲಿ.