ಒಂದು ಕೈಗೆ ಬಿದ್ದ ಬೆಳಕು

1918–19ರ ಚಳಿಗಾಲ. ಯುದ್ಧದಲ್ಲಿ ಸೋತು ಹಸಿವಿನಿಂದ ಕಂಗೆಟ್ಟಿದ್ದ ಬರ್ಲಿನ್‌ನಲ್ಲಿ ರಿಕೆಟ್ಸ್ ಬಂದ ಮಕ್ಕಳ ಎಳೆಮೂಳೆಗಳು ಮೈಭಾರ ತಾಳಲಾರದೆ ಬಿಲ್ಲಿನಂತೆ ಬಾಗುತ್ತಿದ್ದವು. ಈ ಕಾಯಿಲೆ ಬರುವುದು ಊಟದ ಕೊರತೆಯಿಂದಲೋ, ಕತ್ತಲುಗವಿಯಂಥ ಮನೆಗಳಿಂದಲೋ ಎಂಬುದರಲ್ಲಿ ವೈದ್ಯರಿಗೇ ಒಮ್ಮತವಿರಲಿಲ್ಲ. ಆಗ ಕುರ್ಟ್ ಹುಲ್ಡ್‌ಶಿನ್ಸ್‌ಕಿ ಎಂಬ ಮಕ್ಕಳ ವೈದ್ಯರು ಅಂಥ ನಾಲ್ಕು ಮಕ್ಕಳ ಮೈಗೆ ಪಾದರಸದ ಆವಿ ತುಂಬಿದ ಕ್ವಾರ್ಟ್ಜ್ ದೀಪದ ಬೆಳಕು ಹಾಯಿಸಿದರು. ತಿಂಗಳುಗಳು ಕಳೆದಂತೆ ಮೂಳೆಗಳಲ್ಲಿ ಸುಣ್ಣದಂಶ ತುಂಬಿಕೊಳ್ಳುತ್ತಿರುವುದು ಎಕ್ಸ್-ರೇ ಚಿತ್ರಗಳಲ್ಲಿ ಕಾಣಿಸಿತು.

ನನಗೆ ಇದಕ್ಕಿಂತಲೂ ದೊಡ್ಡದಾಗಿ ಕಾಣುವುದು ಅವರ ಮತ್ತೊಂದು ಪ್ರಯೋಗ. ಮಗುವಿನ ಒಂದು ಕೈಗೆ ಮಾತ್ರ ದೀಪದ ಬೆಳಕು ಕೊಟ್ಟರು. ವಾಸಿಯಾದದ್ದು ಎರಡೂ ಕೈಗಳ ಮೂಳೆ! ಅಂದರೆ ಬೆಳಕು ಮೂಳೆಯನ್ನು ನೇರವಾಗಿ ಮುಟ್ಟಿರಲಿಲ್ಲ. ಚರ್ಮದಲ್ಲಿ ಏನೋ ತಯಾರಾಗಿ, ರಕ್ತದಲ್ಲಿ ಸೇರಿ, ಬೆಳಕು ಬೀಳದ ಕೈಗೂ ತಲುಪಿತ್ತು. ವಿಟಮಿನ್ ಡಿ ಎಂಬ ಹೆಸರೇ ಇನ್ನೂ ಹುಟ್ಟಿರದ ಕಾಲದಲ್ಲಿ ಆ ಪುಟ್ಟ ಕೈ ಅದರ ಇರವನ್ನು ಸಾರಿತ್ತು.

ಆ ‘ಏನೋ’ ಹೇಗೆ ತಯಾರಾಗುತ್ತದೆ ಎಂಬುದು ಈಗ ನಮಗೆ ಗೊತ್ತು. ಚರ್ಮದಲ್ಲಿರುವ 7-ಡಿಹೈಡ್ರೋಕೊಲೆಸ್ಟೆರಾಲ್ ಮೇಲೆ ಸುಮಾರು 290ರಿಂದ 315 ನ್ಯಾನೋಮೀಟರ್ ಅಲೆಯುದ್ದದ ಅತಿನೇರಳೆ ಬಿ ಕಿರಣ ಬಿದ್ದಾಗ ಅದರ ಒಂದು ಬಂಧ ಮುರಿಯುತ್ತದೆ. ಮೈಯ ಕಾವು ಅದನ್ನು ವಿಟಮಿನ್ ಡಿ ಆಗಿಸುತ್ತದೆ. ಮುಂದೆ ಯಕೃತ್ತು, ಮೂತ್ರಪಿಂಡಗಳಲ್ಲಿ ಅದು ಹದಗೊಳ್ಳಬೇಕು. ಕಿಟಕಿಯ ಗಾಜು ಈ ಕಿರಣವನ್ನು ತಡೆಯುತ್ತದೆ, ಕ್ವಾರ್ಟ್ಜ್ ಬಿಟ್ಟುಕೊಡುತ್ತದೆ. ಆ ದೀಪಕ್ಕೆ ಕ್ವಾರ್ಟ್ಜ್ ಬೇಕಾದದ್ದು ಅದಕ್ಕೇ.

ಚರ್ಮಕ್ಕೆ ತನ್ನದೇ ಅಂಕೆಯೂ ಇದೆ. ಬೆಳಕು ಹೆಚ್ಚಾದರೆ ಹೆಚ್ಚುವರಿ ಸರಕು ಕೆಲಸಕ್ಕೆ ಬಾರದ ಬೇರೆ ರೂಪಗಳಿಗೆ ತಿರುಗುತ್ತದೆ. ಹಾಗಾಗಿ ಬೆಳಕಿನಿಂದ ವಿಟಮಿನ್ ಡಿ ವಿಷವಾಗುವಷ್ಟು ಏರುವುದಿಲ್ಲ. ಆದರೆ ಜೀವಕೋಶದ ಡಿಎನ್‌ಎಗೆ ಆಗುವ ಪೆಟ್ಟಿಗೆ ಇಂಥ ಅಂಕೆ ಇಲ್ಲ. ಅದಕ್ಕೇ ಸೋರಿಯಾಸಿಸ್ ಎಂಬ ಚರ್ಮರೋಗಕ್ಕೆ ವೈದ್ಯರು ಈ ಬೆಳಕನ್ನು ಕಣ್ಣಿಗೆ ಕನ್ನಡಕ ಹಾಕಿಸಿ, ಅಳೆದು ಕೊಡುತ್ತಾರೆ. ಪಶ್ಚಿಮ ದೇಶಗಳಲ್ಲಿ ಮೈಬಣ್ಣ ಕಂದಾಗಿಸಿಕೊಳ್ಳಲು ಮಲಗುವ ಟ್ಯಾನಿಂಗ್ ಹಾಸಿಗೆಗಳು ಹೆಚ್ಚಾಗಿ ಸೂಸುವುದಾದರೂ ವಿಟಮಿನ್ ಡಿಗೆ ನೆರವಾಗದ ಅತಿನೇರಳೆ ಎ ಕಿರಣ. ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆ 2009ರಲ್ಲಿ ಇವನ್ನು ಮನುಷ್ಯರಿಗೆ ಕ್ಯಾನ್ಸರ್ ತರುವ ವಸ್ತುಗಳ ಮೊದಲ ಗುಂಪಿಗೆ ಸೇರಿಸಿತು. ಆರೋಗ್ಯದ ಹೆಸರಿನಲ್ಲಿ ಅವನ್ನು ಮಾರುವುದು ಅನ್ಯಾಯ.

ಲಂಡನ್ನಿನಲ್ಲೋ ಬಾಸ್ಟನ್ನಿನಲ್ಲೋ ನೆಲೆಸಿರುವ ಕನ್ನಡಿಗರು ಇದನ್ನು ಗಮನಿಸಬೇಕು. ಅಲ್ಲಿ ನಡುಚಳಿಗಾಲದ ಬಿಸಿಲಿನಿಂದ ಚರ್ಮದಲ್ಲಿ ವಿಟಮಿನ್ ಡಿ ತಯಾರಾಗುವುದೇ ಇಲ್ಲವೆನ್ನಬಹುದು. ಬೇಸಿಗೆಯಲ್ಲೂ ನಮ್ಮ ಕಪ್ಪು ಚರ್ಮಕ್ಕೆ ಬಿಳಿಯರಿಗಿಂತ ಹೆಚ್ಚು ಹೊತ್ತು ಬಿಸಿಲು ಬೇಕು. ದಯವಿಟ್ಟು ದೀಪ ಕೊಂಡು ಮನೆಯಲ್ಲಿ ಪ್ರಯೋಗಕ್ಕೆ ಇಳಿಯಬೇಡಿ. ವೈದ್ಯರನ್ನು ಕೇಳಿ, ಅವರು ಹೇಳಿದಷ್ಟು ಮಾತ್ರೆ ತೆಗೆದುಕೊಳ್ಳಿ, ಮಕ್ಕಳಿಗೂ ಕೊಡಿಸಿ.